ಊದಿದ ಕೈಗಳನ್ನು ಎಣಿಸುವುದರಿಂದ ಶುರು ಮಾಡಿ

ಪ್ರಶ್ನೆ: ನಾನು ಒಂದು ಜಿಲ್ಲಾ ಆಸ್ಪತ್ರೆಯ ಮೆಡಿಕಲ್ ವಾರ್ಡ್‌ನಲ್ಲಿ ನರ್ಸಿಂಗ್ ಆಫೀಸರ್. ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಎಂಟು ವರ್ಷ ಆಯಿತು. ನಮ್ಮ ವಾರ್ಡ್‌ನಲ್ಲಿ ಕ್ಯಾನುಲಾ (ಔಷಧಿ ಕೊಡಲು ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕಿದ ಕೈ ಊದಿಕೊಂಡು ನೋವು ಎಂದು ಅಳುವವರು ಜಾಸ್ತಿ. ಮೂರು ದಿನಕ್ಕೊಮ್ಮೆ ಕ್ಯಾನುಲಾ ಬದಲಿಸಬೇಕು ಎಂಬ ನಿಯಮ ಗೋಡೆ ಮೇಲೆ ಅಂಟಿಸಿದ್ದಾರೆ. ಆದರೂ ಹೀಗಾಗುತ್ತಿದೆ. ಇದರ ಬಗ್ಗೆ ಒಂದು ಸಂಶೋಧನೆ ಮಾಡಬೇಕು ಅಂತ ಆಸೆ. ‘ರಿಸರ್ಚ್ ಎಲ್ಲ ಎಂ.ಎಸ್ಸಿ ಮಾಡುವವರಿಗೆ, ನಿನಗ್ಯಾಕೆ’ ಅನ್ನುತ್ತಾರೆ. ಡ್ಯೂಟಿ ಮಧ್ಯೆ ಇದು ಆಗುವ ಕೆಲಸವೇ? ಯಾರ ಅನುಮತಿ ಬೇಕು? ನನಗೆ ಅಂಕಿಅಂಶ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸಿಸ್ಟರ್, ನಿಮ್ಮ ಪತ್ರದಲ್ಲಿ ‘ಅಳುವವರು ಜಾಸ್ತಿ’ ಎಂಬ ಮಾತಿದೆ. ನಾನು ಅಲ್ಲೇ ನಿಂತೆ. ಎಷ್ಟು ಜಾಸ್ತಿ? ನೂರು ಕ್ಯಾನುಲಾ ಹಾಕಿದರೆ ಹತ್ತು ಕೈ ಊದುತ್ತವೆಯೇ, ಮೂವತ್ತೇ? ಹೋದ ತಿಂಗಳಿಗಿಂತ ಜಾಸ್ತಿಯೇ? ಪಕ್ಕದ ಸರ್ಜಿಕಲ್ ವಾರ್ಡ್‌ಗಿಂತ ಜಾಸ್ತಿಯೇ? ಬಹುಶಃ ನಿಮ್ಮ ಆಸ್ಪತ್ರೆಯಲ್ಲಿ ಯಾರ ಹತ್ತಿರವೂ ಇದಕ್ಕೆ ಉತ್ತರ ಇಲ್ಲ. ಡಾಕ್ಟರ ಹತ್ತಿರ ಇಲ್ಲ, ಸೂಪರಿಂಟೆಂಡೆಂಟ್ ಹತ್ತಿರ ಇಲ್ಲ, ಎಂ.ಎಸ್ಸಿ ಮಾಡಿದವರ ಹತ್ತಿರವೂ ಇಲ್ಲ. ದಿನಕ್ಕೆ ಮೂರು ನಾಲ್ಕು ಸಲ ಆ ಕೈ ಹಿಡಿದು ಇಂಜೆಕ್ಷನ್ ಕೊಡುವವರು ಎಣಿಸಿದರೆ ಮಾತ್ರ ಅದು ಸಿಗುತ್ತದೆ. ‘ನಿನಗ್ಯಾಕೆ’ ಎಂದವರಿಗೆ ನಾನಾದರೆ ಇಷ್ಟೇ ಹೇಳುತ್ತಿದ್ದೆ.

ನಾನು ಹನ್ನೊಂದು ವರ್ಷ ವಾರ್ಡ್‌ನಲ್ಲಿ ದುಡಿದು ಆಮೇಲೆ ಕಾಲೇಜಿಗೆ ಪಾಠ ಹೇಳಲು ಹೋದವಳು. ಎರಡೂ ಕಡೆಯ ಕಷ್ಟ ಗೊತ್ತು. ಕಾಲೇಜಿನಲ್ಲಿ ವರ್ಷ ವರ್ಷವೂ ಒಂದೇ ಅಚ್ಚಿನ ಪ್ರಬಂಧಗಳನ್ನು ಓದಿದ್ದೇನೆ. ವಿಷಯ ಯಾವುದೇ ಇರಲಿ, ಮಾದರಿ ಒಂದೇ. ಮೊದಲು ಒಂದು ಪ್ರಶ್ನೆಪತ್ರಿಕೆ ಕೊಟ್ಟು ತಿಳಿವಳಿಕೆ ಅಳೆಯುವುದು. ನಂತರ ಎಸ್‌ಟಿಪಿ, ಅಂದರೆ ಮುಕ್ಕಾಲು ಗಂಟೆಯ ಒಂದು ಪಾಠ. ಏಳನೇ ದಿನ ಮತ್ತೆ ಅದೇ ಪ್ರಶ್ನೆಪತ್ರಿಕೆ. ಅಂಕ ಏರಿರುತ್ತದೆ. ಪಾಠ ಹೇಳಿದ ಮೇಲೆ ಏರದೆ ಇರುತ್ತದೆಯೇ? ಆದರೆ ಆ ವಾರ್ಡ್‌ನಲ್ಲಿ ಕೈ ತೊಳೆಯುವುದು ಜಾಸ್ತಿಯಾಯಿತೇ, ರೋಗಿಯ ಬೆನ್ನಿನ ಹುಣ್ಣು ಕಡಿಮೆಯಾಯಿತೇ ಎಂದು ಯಾರೂ ನೋಡಿರುವುದಿಲ್ಲ. ಆ ವಿದ್ಯಾರ್ಥಿಗಳನ್ನು ನಾನು ದೂರುವುದಿಲ್ಲ. ಅವರಿಗೆ ಸಿಗುವ ದಿನಗಳು ಕಡಿಮೆ, ವಾರ್ಡ್ ಅವರದ್ದಲ್ಲ. ನಿಮಗೆ ವಾರ್ಡ್ ಇದೆ, ದಿನಗಳೂ ಇವೆ.

ತಿಳಿವಳಿಕೆ, ಮಾಡುವ ಕೆಲಸ, ರೋಗಿಗೆ ಆಗುವ ಫಲ, ಈ ಮೂರೂ ಬೇರೆ ಬೇರೆ ಮೆಟ್ಟಿಲು. ಒಂದು ಹತ್ತಿದರೆ ಮುಂದಿನದು ತಾನಾಗಿ ಬರುವುದಿಲ್ಲ. ಇದಕ್ಕೆ ನಮ್ಮ ನೆಲದ್ದೇ ಒಂದು ಉದಾಹರಣೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್ ಅನ್ನು ಮೊದಮೊದಲು ಪರೀಕ್ಷಿಸಿದ ಜಾಗಗಳಲ್ಲಿ ಕರ್ನಾಟಕದ ಒಂದು ತಾಲೂಕು ಮಟ್ಟದ ಹೆರಿಗೆ ಕೇಂದ್ರವೂ ಒಂದು. ಪ್ರತಿ ಹೆರಿಗೆಯಲ್ಲಿ ಮಾಡಲೇಬೇಕಾದ 29 ಕೆಲಸಗಳನ್ನು ಅಲ್ಲಿ ಪಕ್ಕದಲ್ಲೇ ನಿಂತು ಎಣಿಸಿದರು. ಚೆಕ್‌ಲಿಸ್ಟ್ ಬರುವ ಮೊದಲು ಸರಾಸರಿ 10 ಕೆಲಸ ನಡೆಯುತ್ತಿತ್ತು, ಬಂದ ಮೇಲೆ 25. ಈ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಎಷ್ಟು ಖುಷಿಯಾಯಿತು ಎಂದು ನನಗೆ ನೆನಪಿದೆ. ಆಮೇಲೆ ಉತ್ತರ ಪ್ರದೇಶದ 120 ಆಸ್ಪತ್ರೆ ಮತ್ತು ಆರೋಗ್ಯ ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಿ ಮಕ್ಕಳನ್ನು ಸೇರಿಸಿಕೊಂಡು ದೊಡ್ಡ ಅಧ್ಯಯನ ನಡೆಯಿತು. 2017ರಲ್ಲಿ ಫಲಿತಾಂಶ ಬಂತು. ಜೊತೆಗಿದ್ದು ಕಲಿಸಿದ ಕಡೆ ಸಿಬ್ಬಂದಿಯ ಕೆಲಸ ನಿಜಕ್ಕೂ ಸುಧಾರಿಸಿತ್ತು. ಆದರೆ ಸಾವು ಮತ್ತು ತಾಯಿಯ ತೀವ್ರ ತೊಂದರೆ ಒಟ್ಟು ಸೇರಿಸಿ ನೋಡಿದರೆ ಹೀಗೆ ಕಲಿಸಿದ ಕಡೆ ಶೇ. 15.1, ಕಲಿಸದ ಕಡೆ ಶೇ. 15.3. ವ್ಯತ್ಯಾಸವೇ ಇಲ್ಲ. ಇಷ್ಟು ಕಷ್ಟಪಟ್ಟವರು ಇದನ್ನು ಮುಚ್ಚಿಡದೆ ಪ್ರಕಟಿಸಿದರು. ಆ ಪ್ರಾಮಾಣಿಕತೆ ನನಗೆ ತುಂಬ ಇಷ್ಟ.

ನಿಮ್ಮ ವಿಷಯದ ಅನುಕೂಲ ಏನೆಂದರೆ ಕೊನೆಯ ಮೆಟ್ಟಿಲೇ ನಿಮ್ಮ ಕಣ್ಣೆದುರು ಇದೆ. ಊದಿದ ಕೈ. ಅದನ್ನು ನೋಡಲು ಲ್ಯಾಬ್ ಬೇಡ, ಮಿಷನ್ ಬೇಡ, ತಿಂಗಳುಗಟ್ಟಲೆ ಕಾಯುವುದೂ ಬೇಡ.

ಈಗ ಗೋಡೆ ಮೇಲಿನ ನಿಯಮಕ್ಕೆ ಬರೋಣ. ಮೂರು ದಿನಕ್ಕೊಮ್ಮೆ ಬದಲಿಸಿದರೆ ನಿಜವಾಗಿ ಉಪಯೋಗ ಇದೆಯೇ? ಇದೇ ಪ್ರಶ್ನೆಯನ್ನು ಕೇಳಿ ಉತ್ತರ ಹುಡುಕಿದವರು ನರ್ಸ್‌ಗಳೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕ್ಲೇರ್ ರಿಕರ್ಡ್ ಎಂಬ ನರ್ಸ್ ಮತ್ತು ಅವರ ತಂಡ ಮೂರು ಆಸ್ಪತ್ರೆಗಳ 3,283 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರನೇ ದಿನ ಬದಲಾವಣೆ. ಇನ್ನೊಂದು ಗುಂಪಿಗೆ ತೊಂದರೆ ಕಂಡಾಗ ಮಾತ್ರ ಬದಲಾವಣೆ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನಲ್ಲಿ ನರದ, ಅಂದರೆ ರಕ್ತನಾಳದ ಉರಿಯೂತ, ನಾವು ಫ್ಲೆಬೈಟಿಸ್ ಅನ್ನುವುದು, ಶೇ. 7. ಅಂದರೆ ದಿನ ಲೆಕ್ಕ ಹಾಕಿ ಚುಚ್ಚಿದ್ದರಿಂದ ರೋಗಿಗೆ ಸಿಕ್ಕಿದ್ದು ಇನ್ನೊಂದು ಚುಚ್ಚು ಮಾತ್ರ.

ಇದನ್ನು ಓದಿದ ಕೂಡಲೇ ಗೋಡೆಯ ಕಾಗದ ಕಿತ್ತುಹಾಕಲು ಹೋಗಬೇಡಿ. ‘ತೊಂದರೆ ಕಂಡಾಗ’ ಎನ್ನಬೇಕಾದರೆ ಯಾರಾದರೂ ನೋಡುತ್ತಿರಬೇಕಲ್ವಾ? ಆ ಅಧ್ಯಯನದಲ್ಲಿ ತರಬೇತಿ ಪಡೆದ ನರ್ಸ್‌ಗಳು ದಿನವೂ ಕ್ಯಾನುಲಾ ಜಾಗವನ್ನು ನೋಡಿ ಬರೆಯುತ್ತಿದ್ದರು. ನಿಮ್ಮ ವಾರ್ಡ್‌ನಲ್ಲಿ ಪ್ರತಿ ಪಾಳಿಯಲ್ಲೂ ಯಾರಾದರೂ ನೋಡುತ್ತಾರೆಯೇ? ಇಲ್ಲದಿದ್ದರೆ ಮೂರು ದಿನದ ನಿಯಮವೇ ರೋಗಿಗೆ ಇರುವ ಏಕೈಕ ಆಸರೆ. ಅದನ್ನೂ ತೆಗೆದರೆ ಕ್ಯಾನುಲಾ ಐದಾರು ದಿನ ಹಾಗೇ ಉಳಿದೀತು. ಹಾಗಾಗಿ ನಿಮ್ಮ ಮೊದಲ ಅಧ್ಯಯನ ‘ಎಷ್ಟು ದಿನಕ್ಕೆ ಬದಲಿಸಬೇಕು’ ಎಂಬುದಲ್ಲ. ‘ನಮ್ಮ ವಾರ್ಡ್‌ನಲ್ಲಿ ಎಷ್ಟು ಕೈ ಊದುತ್ತಿವೆ, ಯಾವ ಕೈಗಳು, ಯಾರಾದರೂ ನೋಡುತ್ತಿದ್ದಾರೆಯೇ’ ಎಂಬುದು. ಮೂರೂ ಪ್ರಶ್ನೆಗೆ ಒಂದೇ ಹಾಳೆ ಸಾಕು.

ಎಣಿಸುವುದು ಸುಲಭ ಅನ್ನಿಸುತ್ತದೆ. ಅಲ್ಲ. ಇದನ್ನು ನಾನು ಕಲಿತದ್ದು ನನ್ನದೇ ವಾರ್ಡ್‌ನಲ್ಲಿ. ನಾನೂ ನನ್ನ ಜೊತೆಯ ಸಿಸ್ಟರೂ ಒಂದೇ ಬೆಳಿಗ್ಗೆ, ಬೇರೆ ಬೇರೆಯಾಗಿ, ಅದೇ ಇಪ್ಪತ್ತು ಕೈಗಳನ್ನು ನೋಡಿ ಬಂದೆವು. ಫ್ಲೆಬೈಟಿಸ್ ಇದೆ ಎಂದು ನಾನು ಬರೆದದ್ದು ಏಳು. ಅವರು ಬರೆದದ್ದು ಮೂರು. ಇಬ್ಬರೂ ಅನುಭವಸ್ಥರೇ. ಸರಿ, ಇಬ್ಬರೂ ಒಟ್ಟಿಗೆ ವಾಪಸ್ ಹೋದೆವು. ಹದಿನಾಲ್ಕನೇ ಬೆಡ್‌ನಲ್ಲಿ ಹೊಲದಲ್ಲಿ ಕೂಲಿ ಮಾಡುವ ಹೆಂಗಸು. ಬಿಸಿಲಿಗೆ ಕಪ್ಪಾದ ಕೈ. ಜೊತೆಯ ಸಿಸ್ಟರ್ ‘ಎಲ್ಲಿ ಕೆಂಪು? ಏನೂ ಇಲ್ಲವಲ್ಲ’ ಅಂದರು. ಕಣ್ಣಿಗೆ ನಿಜಕ್ಕೂ ಕೆಂಪು ಕಾಣುತ್ತಿರಲಿಲ್ಲ. ನಾನು ಅವರ ಬೆರಳು ಹಿಡಿದು ಕ್ಯಾನುಲಾದ ಮೇಲ್ಭಾಗದ ಚರ್ಮದ ಮೇಲೆ ಇಡಿಸಿದೆ. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿ. ಒತ್ತಿದರೆ ಸ್ವಲ್ಪ ಗಟ್ಟಿ. ಆ ಹೆಂಗಸು ಸುಮ್ನೆ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ‘ಉರಿ ಇದೆಯಾ ಅಮ್ಮಾ’ ಅಂತ ಕೇಳಿದೆ. ‘ರಾತ್ರಿಯಿಂದ ಉರೀತಾ ಇದೆ. ಔಷಧಿ ಹೋಗುವಾಗ ಜೀವ ಹೋದ ಹಾಗಾಗುತ್ತೆ’ ಅಂದಳು. ಯಾಕೆ ಹೇಳಲಿಲ್ಲ ಎಂದರೆ, ‘ಔಷಧಿ ಅಂದರೆ ಉರಿಯುತ್ತೆ ಅಂದ್ಕೊಂಡೆ’.

ಅವತ್ತು ನಮಗೆ ಮೂರು ಪದಗಳ ನಿಯಮ ಸಿಕ್ಕಿತು. ನೋಡು, ಮುಟ್ಟು, ಕೇಳು. ಪಠ್ಯಪುಸ್ತಕದ ‘ಕೆಂಪಾಗುವುದು’ ಬಿಳಿ ಚರ್ಮದ ಮೇಲೆ ನೋಡಿ ಬರೆದದ್ದು. ನಮ್ಮ ರೋಗಿಗಳಲ್ಲಿ ಬಿಸಿ, ಗಟ್ಟಿತನ, ಊತ, ನೋವು, ಇವು ಮೊದಲು ಸಿಗುತ್ತವೆ. ಹಿಂಗೈಯಿಂದ ಮುಟ್ಟಿ ನೋಡಿ, ಬಿಸಿ ಚೆನ್ನಾಗಿ ತಿಳಿಯುತ್ತದೆ. ಇನ್ನೊಂದು ಕೈಯ ಅದೇ ಜಾಗದ ಜೊತೆ ಹೋಲಿಸಿ.

ಅಳತೆಗೆ ಹೊಸ ಪಟ್ಟಿ ನೀವೇ ಮಾಡುವ ಅಗತ್ಯ ಇಲ್ಲ. ಇಂಗ್ಲೆಂಡಿನ ಆಂಡ್ರ್ಯೂ ಜಾಕ್ಸನ್ ಎಂಬ ನರ್ಸ್ 1998ರಲ್ಲಿ ಪ್ರಕಟಿಸಿದ ವಿಐಪಿ (ವಿಷುಯಲ್ ಇನ್‌ಫ್ಯೂಷನ್ ಫ್ಲೆಬೈಟಿಸ್) ಸ್ಕೋರ್ ಇದೆ. ಸೊನ್ನೆಯಿಂದ ಐದರವರೆಗೆ ಅಂಕ. ಸೊನ್ನೆ ಅಂದರೆ ಜಾಗ ಚೆನ್ನಾಗಿದೆ. ಒಂದು ಅಂದರೆ ಸ್ವಲ್ಪ ನೋವು ಅಥವಾ ಸ್ವಲ್ಪ ಕೆಂಪು. ನೋವು, ಕೆಂಪು, ಊತ ಇವುಗಳಲ್ಲಿ ಎರಡು ಇದ್ದರೆ ಎರಡು. ಆಗ ಕ್ಯಾನುಲಾ ತೆಗೆಯಬೇಕು. ಮೂರರಲ್ಲಿ ನರದ ಉದ್ದಕ್ಕೂ ನೋವು, ಗಟ್ಟಿತನ. ನಾಲ್ಕರಲ್ಲಿ ನರ ದಾರದ ಹಾಗೆ ಕೈಗೆ ಸಿಗುತ್ತದೆ. ಐದರಲ್ಲಿ ಜ್ವರವೂ ಸೇರಿಕೊಂಡಿರುತ್ತದೆ. ‘ಎರಡು ಮತ್ತು ಅದಕ್ಕಿಂತ ಮೇಲಿನದ್ದು ಫ್ಲೆಬೈಟಿಸ್’ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಮಧ್ಯದಲ್ಲಿ ಬದಲಿಸಬೇಡಿ. ಕೆಂಪು ಎಂದಿರುವ ಕಡೆ ‘ಕೆಂಪು ಅಥವಾ ಬಿಸಿ’ ಎಂದು ಸೇರಿಸಿಕೊಂಡರೆ ಅದನ್ನೂ ಬರೆದಿಡಿ, ಮುಂದೆ ಬೇರೆಯವರ ಲೆಕ್ಕದ ಜೊತೆ ಹೋಲಿಸುವಾಗ ಬೇಕಾಗುತ್ತದೆ.

ಆಮೇಲೆ ನಾವು ಮಾಡಿದ್ದನ್ನೇ ಮಾಡಿ. ಇಬ್ಬರು, ಇಪ್ಪತ್ತು ಕೈ, ಬೇರೆ ಬೇರೆಯಾಗಿ. ಇಪ್ಪತ್ತರಲ್ಲಿ ಹದಿನೆಂಟಾದರೂ ಹೊಂದಿಕೆ ಆಗುವವರೆಗೆ ಮುಂದೆ ಹೋಗಬೇಡಿ. ಎರಡು ಮೂರು ಸಲ ಮಾಡಬೇಕಾಗಬಹುದು. ಬೇಸರ ಮಾಡಿಕೊಳ್ಳಬೇಡಿ. ಈ ಎರಡು ಮೂರು ಬೆಳಿಗ್ಗೆಗಳೇ ನಿಮ್ಮ ಸಂಶೋಧನೆಯ ಅಡಿಪಾಯ. ಇಲ್ಲಿ ಅವಸರ ಮಾಡಿದವರ ಲೆಕ್ಕ ಕೊನೆಗೆ ಯಾರ ಲೆಕ್ಕವೋ ಆಗಿಬಿಡುತ್ತದೆ.

ಇನ್ನು ಹಾಳೆ. ಒಂದು ಕ್ಯಾನುಲಾಕ್ಕೆ ಒಂದು ಸಾಲು. ರೋಗಿಯ ಹೆಸರು ಬೇಡ, ಒಂದು ಕ್ರಮ ಸಂಖ್ಯೆ ಸಾಕು. ವಯಸ್ಸು, ಕ್ಯಾನುಲಾ ಹಾಕಿದ ದಿನ ಮತ್ತು ಗಂಟೆ, ಎಲ್ಲಿ ಹಾಕಿದ್ದು, ಕ್ಯಾಷುವಾಲಿಟಿಯಲ್ಲೋ ವಾರ್ಡ್‌ನಲ್ಲೋ. ಕೈಯ ಯಾವ ಜಾಗ, ಮಡಚುವ ಜಾಗವೋ, ಮುಂಗೈಯೋ, ಹಸ್ತದ ಮೇಲೋ. ಕ್ಯಾನುಲಾದ ಗಾತ್ರ ಹೇಳುವ ಬಣ್ಣ, ಹಸಿರು ಅಂದರೆ 18 ಗೇಜ್, ಗುಲಾಬಿ 20, ನೀಲಿ 22. ಯಾವ ಔಷಧಿ ಹೋಗುತ್ತಿದೆ. ಪೊಟ್ಯಾಸಿಯಂ ಕ್ಲೋರೈಡ್, ಫೆನಿಟಾಯಿನ್, 25 ಪರ್ಸೆಂಟ್ ಡೆಕ್ಸ್‌ಟ್ರೋಸ್, ಇವೆಲ್ಲ ನರವನ್ನು ಸುಡುವ ಔಷಧಿಗಳು, ನಿಮಗೇ ಗೊತ್ತು. ಪ್ಲಾಸ್ಟರ್ ಒದ್ದೆಯಾಗಿದೆಯೋ ಸಡಿಲವಾಗಿದೆಯೋ. ಪ್ರತಿ ಪಾಳಿಯ ಅಂಕ. ಕೊನೆಗೆ, ಕ್ಯಾನುಲಾ ಯಾಕೆ ತೆಗೆದರು.

ಆ ಪಾಳಿಯಲ್ಲಿ ವಾರ್ಡ್‌ನಲ್ಲಿ ಎಷ್ಟು ರೋಗಿಗಳು, ಎಷ್ಟು ನರ್ಸ್‌ಗಳು ಎಂಬುದನ್ನೂ ಮೇಲೆ ಬರೆಯಿರಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಲಿಂಡಾ ಏಕನ್ ಎಂಬ ನರ್ಸ್ ಸಂಶೋಧಕಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ದಾಖಲೆ ನೋಡಿ 2002ರಲ್ಲಿ ತೋರಿಸಿದರು. ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದರೆ, ಸರ್ಜರಿ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಏರುತ್ತದೆ. ಅಷ್ಟು ವರ್ಷ ನರ್ಸ್‌ಗಳು ‘ಸ್ಟಾಫ್ ಸಾಲದು’ ಅಂತ ಹೇಳುತ್ತಲೇ ಇದ್ದರು. ಆ ಮಾತಿಗೆ ತೂಕ ಬಂದದ್ದು ಲೆಕ್ಕ ಬಂದ ಮೇಲೆ. ನಿಮ್ಮ ರಾತ್ರಿ ಪಾಳಿಯಲ್ಲಿ ಇಬ್ಬರೇ ಇದ್ದಾಗ ಯಾವ ಕೆಲಸ ಬಿಟ್ಟುಹೋಗುತ್ತದೆ ಎಂಬುದೂ ನಿಮ್ಮ ಹಾಳೆಯಲ್ಲಿ ಕಾಣಲಿ.

ಒಂದನ್ನು ಮಾತ್ರ ಬರೆಯಬೇಡಿ. ಕ್ಯಾನುಲಾ ಹಾಕಿದವರ ಹೆಸರು. ಒಂದು ಸಲ ಹೆಸರು ಬಂತೋ, ನಿಮ್ಮ ಹಾಳೆ ದೂರಿನ ಪುಸ್ತಕ ಆಗುತ್ತದೆ. ನೀವು ರೌಂಡ್ಸ್ ಬರುವ ಮೊದಲೇ ಊದಿದ ಕೈಯ ಕ್ಯಾನುಲಾ ತೆಗೆದು ಬೇರೆ ಕಡೆ ಹಾಕಿರುತ್ತಾರೆ. ಹೆದರಿಕೆ ಇರುವ ಕಡೆ ಲೆಕ್ಕ ನಿಜ ಇರುವುದಿಲ್ಲ. ಮೊದಲ ದಿನವೇ ವಾರ್ಡ್‌ನ ಎಲ್ಲರನ್ನೂ, ಅಟೆಂಡರ್‌ಗಳನ್ನೂ ಸೇರಿಸಿ, ಕೂರಿಸಿಕೊಂಡು ಇದನ್ನು ಹೇಳಿ.

ಡ್ಯೂಟಿ ಮಧ್ಯೆ ಸಮಯ? ಪಾಳಿ ಬದಲಾಗಿ ಓವರ್ ತೆಗೆದುಕೊಳ್ಳುವಾಗ ಹೇಗೂ ಬೆಡ್ ಬೆಡ್‌ಗೆ ಹೋಗುತ್ತೀರಿ. ಆಗಲೇ ಎರಡೂ ಕೈ ನೋಡಿ. ಒಂದು ಬೆಡ್‌ಗೆ ಅರ್ಧ ನಿಮಿಷ. ಹೊದ್ದ ಶಾಲು ಸರಿಸಿ ನೋಡಬೇಕು, ಹಳ್ಳಿಯಿಂದ ಬಂದ ಅಜ್ಜಂದಿರು ಕೈ ಒಳಗೇ ಇಟ್ಟುಕೊಂಡಿರುತ್ತಾರೆ.

ಹಾಳೆ ತುಂಬಲು ಶುರು ಮಾಡಿದ ಎರಡನೇ ದಿನವೇ ನಿಮಗೆ ಒಂದು ವಿಷಯ ಕಾಣಬಹುದು. ಪ್ಲಾಸ್ಟರ್ ಮೇಲೆ ದಿನಾಂಕವೇ ಇಲ್ಲದ ಕ್ಯಾನುಲಾಗಳು. ದಿನಾಂಕ ಇಲ್ಲದೆ ಮೂರು ದಿನದ ನಿಯಮ ಪಾಲಿಸುವುದು ಹೇಗೆ? ಇದನ್ನು ಖಾಲಿ ಬಿಡಬೇಡಿ, ‘ದಿನಾಂಕ ಇಲ್ಲ’ ಎಂದೇ ಬರೆಯಿರಿ. ಅದೂ ಒಂದು ಫಲಿತಾಂಶ.

ಲೆಕ್ಕದ ಭಯಕ್ಕೆ ಬರೋಣ. ನಿಮಗೆ ಬೇಕಾದದ್ದು ಭಾಗಾಕಾರ. ಮೇಲೆ ಫ್ಲೆಬೈಟಿಸ್ ಆದ ಕ್ಯಾನುಲಾ, ಕೆಳಗೆ ನೋಡಿದ ಒಟ್ಟು ಕ್ಯಾನುಲಾ. ಕೆಳಗಿನ ಸಂಖ್ಯೆಯಲ್ಲೇ ಎಲ್ಲರೂ ಎಡವುವುದು. ‘ಈ ತಿಂಗಳು 15 ಜನರಿಗೆ ಆಯಿತು’ ಅಂದರೆ ಏನೂ ತಿಳಿಯುವುದಿಲ್ಲ. 60 ಕ್ಯಾನುಲಾದಲ್ಲಿ 15 ಅಂದರೆ ಶೇ. 25. 300ರಲ್ಲಿ 15 ಅಂದರೆ ಶೇ. 5. ಡೆಂಗಿ ಸೀಸನ್‌ನಲ್ಲಿ ವಾರ್ಡ್ ತುಂಬಿ ತುಳುಕುವಾಗ ಊದಿದ ಕೈಗಳ ಸಂಖ್ಯೆ ಏರುತ್ತದೆ, ಪ್ರಮಾಣ ಏರಿರದೇ ಇರಬಹುದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದಾದರೆ ಕ್ಯಾನುಲಾ ಇದ್ದ ದಿನಗಳನ್ನೂ ಕೂಡಿಸಿ. ಒಂದು ದಿನ ಇದ್ದ ಕ್ಯಾನುಲಾವನ್ನೂ ನಾಲ್ಕು ದಿನ ಇದ್ದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ತೆಗೆದ ಮೇಲೂ ಒಂದೆರಡು ದಿನ ಆ ಜಾಗ ನೋಡಿ. ಕೆಲವರಿಗೆ ಊತ ಆಮೇಲೆ ಕಾಣಿಸಿಕೊಳ್ಳುತ್ತದೆ.

ಎಷ್ಟು ಕ್ಯಾನುಲಾ ನೋಡಬೇಕು ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಕಾಲೇಜುಗಳಲ್ಲಿ ಬಳಸುವ ಒಂದು ಸುಲಭ ಸೂತ್ರ ಇದೆ. ನಿಮ್ಮ ಅಂದಾಜು ಪ್ರಮಾಣವನ್ನು ಉಳಿದ ಪ್ರಮಾಣದಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಒಪ್ಪಬಹುದಾದ ಹೆಚ್ಚುಕಡಿಮೆಯ ವರ್ಗದಿಂದ ಭಾಗಿಸುವುದು. ನೂರಕ್ಕೆ ಸುಮಾರು 20 ಊದುತ್ತಿವೆ ಎಂದು ನಿಮ್ಮ ಅಂದಾಜು ಇದ್ದು, ಉತ್ತರ 5 ಆಚೀಚೆ ಇದ್ದರೆ ಪರವಾಗಿಲ್ಲ ಎಂದುಕೊಳ್ಳಿ. 20 ಗುಣಿಸು 80, ಗುಣಿಸು 4, ಅಂದರೆ 6,400. ಅದನ್ನು 25ರಿಂದ ಭಾಗಿಸಿದರೆ 256. ಎಂಟು ಆಚೀಚೆ ಇದ್ದರೂ ಸರಿ ಎಂದರೆ 100 ಸಾಕು. ತುಂಬಿದ ಮೆಡಿಕಲ್ ವಾರ್ಡ್‌ನಲ್ಲಿ ನೂರು ಕ್ಯಾನುಲಾ ನೋಡಲು ಎಷ್ಟು ದಿನ ಬೇಕು, ನೀವೇ ಹೇಳಿ. ಇದಕ್ಕಿಂತ ಮುಂದಿನ ಲೆಕ್ಕಕ್ಕೆ, ಎರಡು ಗುಂಪುಗಳ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ನೋಡುವುದಕ್ಕೆ, ತಿಳಿದವರ ಸಹಾಯ ಬೇಕು. ಮೆಡಿಕಲ್ ಕಾಲೇಜುಗಳ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಬಲ್ಲವರು ಇರುತ್ತಾರೆ. ಹಾಳೆ ತುಂಬಿದ ಮೇಲೆ ಹೋಗಬೇಡಿ, ತುಂಬುವ ಮೊದಲೇ ಹೋಗಿ. ಆಗಲೇ ಅವರು ನಿಮಗೆ ನಿಜವಾದ ಸಹಾಯ ಮಾಡಬಲ್ಲರು.

ಅನುಮತಿಯ ವಿಷಯದಲ್ಲಿ ಅರ್ಧಂಬರ್ಧ ಕೆಲಸ ಬೇಡ. ವಾರ್ಡ್‌ನ ಗುಣಮಟ್ಟ ನೋಡಲು, ನಿಮ್ಮೊಳಗೇ ಇಟ್ಟುಕೊಳ್ಳಲು ಎಣಿಸುವುದು ಒಂದು ಬಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಎನ್‌ಕ್ಯೂಎಎಸ್, ಅಂದರೆ ರಾಷ್ಟ್ರೀಯ ಗುಣಮಟ್ಟ ಮಾನದಂಡಗಳ ಕೆಲಸ ನಡೆಯುತ್ತಿದ್ದರೆ ಇಂಥ ಲೆಕ್ಕ ಅದರ ಭಾಗವೇ ಆಗಬಹುದು. ಇನ್‌ಚಾರ್ಜ್ ಸಿಸ್ಟರ್, ನರ್ಸಿಂಗ್ ಸೂಪರಿಂಟೆಂಡೆಂಟ್, ಜಿಲ್ಲಾ ಶಸ್ತ್ರಚಿಕಿತ್ಸಕರು, ಇವರಿಗೆ ಒಂದು ಪುಟದ ಪತ್ರ ಬರೆದು ಒಪ್ಪಿಗೆ ಪಡೆಯಿರಿ. ಆದರೆ ಹೊರಗಿನವರಿಗೆ ಹೇಳಬೇಕು, ಸಮ್ಮೇಳನದಲ್ಲಿ ಮಂಡಿಸಬೇಕು, ಪತ್ರಿಕೆಗೆ ಕಳುಹಿಸಬೇಕು ಎಂಬ ಆಸೆ ಇದ್ದರೆ ಸಂಶೋಧನೆಯಲ್ಲಿ ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಗೆ ಹೋಗಲೇಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರತಂದ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಇದೆ. ಅಪಾಯ ಕಡಿಮೆ ಇರುವ ಅಧ್ಯಯನಗಳನ್ನು ಪೂರ್ತಿ ಸಭೆ ಕರೆಯದೆ ಬೇಗ ಪರಿಶೀಲಿಸಲು ಅದರಲ್ಲಿ ಅವಕಾಶ ಇದೆ. ಯಾವುದಕ್ಕೆ ಎಷ್ಟು ಪರಿಶೀಲನೆ ಎಂದು ಕಮಿಟಿಯೇ ಹೇಳಬೇಕು, ನೀವಲ್ಲ. ನಿಮ್ಮಲ್ಲಿ ಕಮಿಟಿ ಇಲ್ಲದಿದ್ದರೆ ಒಪ್ಪಂದ ಮಾಡಿಕೊಂಡು ಬೇರೆ ಸಂಸ್ಥೆಯ ಕಮಿಟಿಯ ಮುಂದೆ ಹೋಗಬಹುದು. ಮುಗಿದ ಮೇಲೆ ಅನುಮತಿ ಕೇಳುವ ಹಾಗಿಲ್ಲ. ಅನುಮಾನ ಇದ್ದರೆ ಮೊದಲೇ ಕೇಳಿಬಿಡಿ.

ರೋಗಿಯ ಒಪ್ಪಿಗೆ ಇದಕ್ಕಿಂತ ಸೂಕ್ಷ್ಮ. ಒಮ್ಮೆ ನಾನು ಒಬ್ಬ ಅಜ್ಜನ ಮುಂದೆ ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರ ಓದುತ್ತಿದ್ದೆ. ಎರಡನೇ ಸಾಲಿಗೇ ಅವರು ಹೆಬ್ಬೆರಳು ಚಾಚಿದರು. ‘ಪೂರ್ತಿ ಕೇಳಿ ಅಜ್ಜಾ, ಬೇಡ ಅಂದರೂ ನಡೆಯುತ್ತೆ’ ಅಂದೆ. ‘ನೀವು ಸೂಜಿ ಚುಚ್ಚೋರು, ನಿಮಗೆ ಬೇಡ ಅನ್ನೋದಾ ತಾಯಿ’ ಅಂದರು. ಅವರು ಪ್ರೀತಿಯಿಂದಲೇ ಹೇಳಿದರು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅದು ಒಪ್ಪಿಗೆಯೇ ಅಲ್ಲ ಎಂದು ಅನ್ನಿಸಿತು. ಔಷಧಿ ಕೊಡುವ ಕೈಗೆ ಬೇಡ ಎನ್ನುವುದು ಯಾರಿಗೂ ಕಷ್ಟ. ಅಂದಿನಿಂದ ನಾನು ಮಾಡಿದ್ದು ಇಷ್ಟೇ. ಒಪ್ಪಿಗೆ ಕೇಳುವವರು ಆ ರೋಗಿಯನ್ನು ನೋಡಿಕೊಳ್ಳುವ ನರ್ಸ್ ಆಗಿರಬಾರದು. ಬೇರೆ ವಾರ್ಡ್‌ನ ಸಿಸ್ಟರ್ ಬಂದು ಕೇಳಲಿ. ಓದಲು ಬಾರದವರಾದರೆ ಅಧ್ಯಯನಕ್ಕೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿರಲಿ. ಕೇಳಿದ ಕೂಡಲೇ ಸಹಿ ಹಾಕಿಸಬೇಡಿ, ಮನೆಯವರ ಜೊತೆ ಮಾತಾಡಿಕೊಳ್ಳಲು ಸಂಜೆಯವರೆಗೆ ಬಿಡಿ. ‘ಬೇಡ’ ಎಂದವರಿಗೂ ಅದೇ ಆರೈಕೆ.

ಇನ್ನೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಕೋರ್ ಎರಡು ಕಂಡರೆ ನೀವು ಮೊದಲು ನರ್ಸ್, ಆಮೇಲೆ ಸಂಶೋಧಕಿ. ಬರೆದುಕೊಂಡು ಮುಂದಿನ ಬೆಡ್‌ಗೆ ಹೋಗುವ ಹಾಗಿಲ್ಲ. ಕ್ಯಾನುಲಾ ತೆಗೆಯಿರಿ, ಆಮೇಲೆ ಬರೆಯಿರಿ.

ನೂರು ಸಾಲು ತುಂಬಿದ ಮೇಲೆ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಎಲ್ಲರೂ ಕೂತು ನೋಡಿ. ಊದಿದ ಕೈಗಳು ಎಲ್ಲಿ ಗುಂಪಾಗಿವೆ? ಮೊಣಕೈ ಮಡಚುವ ಜಾಗದಲ್ಲಿ ಅವಸರದಲ್ಲಿ ಹಾಕಿ ಕಳುಹಿಸಿದವುಗಳಲ್ಲೇ? ಒಂದು ಔಷಧಿಯ ಸುತ್ತ? ಒದ್ದೆ ಪ್ಲಾಸ್ಟರ್‌ನಲ್ಲೇ? ಔಷಧಿ ಕೊಟ್ಟ ಮೇಲೆ ಸಲೈನ್ ಫ್ಲಶ್ ಕೊಡದೆ, ಅಂದರೆ ಉಪ್ಪುನೀರಿನಿಂದ ಕೊಳವೆ ತೊಳೆಯದೆ ಬಿಟ್ಟದ್ದರಲ್ಲೇ? ಒಂದೇ ಒಂದು ಬದಲಾವಣೆ ಆರಿಸಿಕೊಳ್ಳಿ. ಐದು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣ ಬಂತು ಎಂದು ತಿಳಿಯುವುದಿಲ್ಲ, ಮತ್ತು ಐದೂ ಒಂದು ತಿಂಗಳಲ್ಲಿ ನಿಂತುಹೋಗುತ್ತವೆ. ನನ್ನನ್ನು ಕೇಳಿದರೆ ಮೊದಲ ಬದಲಾವಣೆ ಇದೇ ಆಗಲಿ: ಪ್ರತಿ ಪಾಳಿ ಬದಲಾಗುವಾಗ ನೋಡು, ಮುಟ್ಟು, ಕೇಳು, ಕೇಸ್ ಶೀಟ್‌ನಲ್ಲಿ ಅಂಕ ಬರೆ.

ಬದಲಾವಣೆಯ ಮೊದಲು ಒಂದು ಸಲ, ಆದ ಮೇಲೆ ಒಂದು ಸಲ ಎಣಿಸಿ ‘ಕಡಿಮೆಯಾಯಿತು’ ಎಂದು ಹೇಳುವ ಅಭ್ಯಾಸ ನಮ್ಮಲ್ಲಿದೆ. ಅದು ಸಾಲದು. ಆ ಮಧ್ಯೆ ಮಳೆಗಾಲ ಮುಗಿದಿರುತ್ತದೆ, ಹೊಸ ಬ್ಯಾಚ್ ಇಂಟರ್ನ್‌ಗಳು ಕೈ ಪಳಗಿಸಿಕೊಂಡಿರುತ್ತಾರೆ, ಕ್ಯಾನುಲಾದ ಕಂಪನಿಯೇ ಬದಲಾಗಿರುತ್ತದೆ. ನೋಡುತ್ತಿದ್ದಾರೆ ಎಂದು ಗೊತ್ತಾದರೇ ಜನ ಎಚ್ಚರ ಆಗುತ್ತಾರೆ. ಹಾಗಾಗಿ ವಾರ ವಾರವೂ ಒಂದು ಚುಕ್ಕೆ ಹಾಕಿ. ಬದಲಾವಣೆಗೆ ಮೊದಲು ಎಂಟು ಹತ್ತು ವಾರ, ಆಮೇಲೆ ಅಷ್ಟೇ. ಗೆರೆ ಎಲ್ಲಿ ಇಳಿಯಲು ಶುರುವಾಯಿತು ಎಂದು ಕಣ್ಣಿಗೇ ಕಾಣುತ್ತದೆ. ಪಕ್ಕದ ವಾರ್ಡ್ ಬದಲಾವಣೆ ಇಲ್ಲದೆ ಅದೇ ಲೆಕ್ಕ ಇಡಲು ಒಪ್ಪಿದರೆ ಇನ್ನೂ ಒಳ್ಳೆಯದು. ರೋಗಿಗಳನ್ನೇ ಗುಂಪು ಮಾಡಿ ಬೇರೆ ಬೇರೆ ರೀತಿ ಆರೈಕೆ ಕೊಟ್ಟು ನೋಡುವ ಮಟ್ಟಕ್ಕೆ ಹೋದರೆ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆಯಲ್ಲಿ ನೋಂದಾಯಿಸಿ. ಹಣ ಕಟ್ಟಬೇಕಾಗಿಲ್ಲ.

ಫಲಿತಾಂಶ ನೀವು ಅಂದುಕೊಂಡ ಹಾಗೆ ಬರದಿದ್ದರೆ? ಬರಲಿ. ಒಂದು ಹಳೆಯ ಸಂಗತಿ ಹೇಳುತ್ತೇನೆ. ಹಾಸಿಗೆ ಹಿಡಿದವರ ಬೆನ್ನಿಗೆ ಸ್ಪಿರಿಟ್ ಹಚ್ಚಿ, ತಿಕ್ಕಿ, ಪೌಡರ್ ಹಾಕುವ ‘ಬ್ಯಾಕ್ ಕೇರ್’ ನೀವೂ ಕಲಿತಿರಬೇಕು. ನಾನಂತೂ ವರ್ಷಗಟ್ಟಲೆ ಮಾಡಿದ್ದೇನೆ, ಪುಣ್ಯದ ಕೆಲಸ ಎಂದೇ ತಿಳಿದು. ಇಂಗ್ಲೆಂಡಿನ ಡೊರೀನ್ ನಾರ್ಟನ್ ಎಂಬ ನರ್ಸ್ ವಯಸ್ಸಾದ ರೋಗಿಗಳ ವಾರ್ಡ್‌ನಲ್ಲಿ ಕೂತು ಇದನ್ನೆಲ್ಲ ಗಮನಿಸಿದರು. 1962ರಲ್ಲಿ ಅವರ ತಂಡದ ವರದಿ ಬಂತು. ಹುಣ್ಣು ತಡೆಯುವುದು ಹಚ್ಚುವ ವಸ್ತುವಲ್ಲ, ಆ ಜಾಗದ ಮೇಲಿನ ಒತ್ತಡ ತಪ್ಪಿಸುವುದು, ಮಗ್ಗುಲು ಬದಲಿಸುವುದು. ಯಾರಿಗೆ ಹುಣ್ಣಾಗಬಹುದು ಎಂದು ಮೊದಲೇ ಹೇಳಲು ಐದು ಅಂಶಗಳ ಒಂದು ಅಳತೆಯನ್ನೂ ಕೊಟ್ಟರು. ಒಟ್ಟು 20 ಅಂಕ, 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ. ಆ ವರದಿ ಬಂದು ಎಷ್ಟೋ ವರ್ಷ ಆದ ಮೇಲೂ ನಾನು ಸ್ಪಿರಿಟ್ ತಿಕ್ಕುತ್ತಲೇ ಇದ್ದೆ, ಯಾಕೆಂದರೆ ನಮ್ಮ ವಾರ್ಡ್‌ಗೆ ಆ ಮಾತು ಯಾರೂ ತಂದಿರಲಿಲ್ಲ. ಅಷ್ಟು ವರ್ಷ ನನ್ನ ಕೈಯಲ್ಲಿ ಹುಣ್ಣಾದವರನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ಆದ್ದರಿಂದ ನಿಮ್ಮ ಫಲಿತಾಂಶ ಮೊದಲು ಹೋಗಬೇಕಾದದ್ದು ಪತ್ರಿಕೆಗೆ ಅಲ್ಲ, ನಿಮ್ಮದೇ ವಾರ್ಡ್‌ಗೆ. ಆಮೇಲೆ ಕ್ಯಾಷುವಾಲಿಟಿಗೆ, ಅಲ್ಲಿಂದಲೇ ಅರ್ಧ ಕ್ಯಾನುಲಾ ಬರುವುದು. ಆಮೇಲೆ ಸ್ಟೋರ್‌ಗೆ. ‘ಒಳ್ಳೆಯ ಪ್ಲಾಸ್ಟರ್ ಕೊಡಿ’ ಎಂದು ಇಂಡೆಂಟ್ ಬರೆಯುವಾಗ ಜೊತೆಗೆ ಈ ಲೆಕ್ಕ ಲಗತ್ತಿಸಿ. ಗೋಡೆಯ ನಿಯಮ ಬದಲಿಸುವ ಮಾತು ಆಗ ಎತ್ತಿ, ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯ ಮುಂದೆ, ನೋಡುವುದು ನಿಂತಿಲ್ಲ ಎಂದು ತೋರಿಸುವ ಹಾಳೆ ಕೈಯಲ್ಲಿ ಹಿಡಿದುಕೊಂಡು.

ಪ್ರಕಟಿಸುವಾಗ ಎರಡು ಎಚ್ಚರ. ‘ಹಣ ಕಟ್ಟಿ, ವಾರದಲ್ಲಿ ಪ್ರಕಟಿಸುತ್ತೇವೆ’ ಎಂದು ಮೇಲ್ ಕಳುಹಿಸುವವರನ್ನು ದೂರ ಇಡಿ. ಯಾರ ಹೆಸರು ಎಲ್ಲಿ ಬರಬೇಕು ಎಂದು ಮೊದಲ ದಿನವೇ ಕಾಗದದ ಮೇಲೆ ಬರೆದುಕೊಳ್ಳಿ. ನನ್ನ ಮೊದಲ ಕೆಲಸ ಅಚ್ಚಾಗಿ ಬಂದಾಗ ರಾತ್ರಿ ಪಾಳಿಯಲ್ಲಿ ಹಾಳೆ ತುಂಬಿದ ಇಬ್ಬರು ಸಿಸ್ಟರ್‌ಗಳ ಹೆಸರೇ ಇರಲಿಲ್ಲ, ವಾರ್ಡ್‌ಗೆ ಕಾಲಿಡದವರ ಹೆಸರು ಇತ್ತು. ಅದನ್ನು ತಡೆಯುವ ಧೈರ್ಯ ಅವತ್ತು ನನಗೆ ಇರಲಿಲ್ಲ. ಆ ಇಬ್ಬರೂ ಮತ್ತೆ ಯಾವ ಅಧ್ಯಯನಕ್ಕೂ ಕೈ ಹಾಕಲಿಲ್ಲ.

ಈ ವಾರ ಇಷ್ಟು ಮಾಡಿ. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿ. ಜೊತೆಗೆ ಬರುವ ಒಬ್ಬರನ್ನು ಹುಡುಕಿಕೊಳ್ಳಿ. ಒಂದು ಹಾಳೆಗೆ ಗೆರೆ ಹಾಕಿ. ರೋಗಿಗಳ ವಿವರ ತುಂಬಿದ್ದು ಬೇಡ, ಆ ಖಾಲಿ ಹಾಳೆಯನ್ನೇ ನನಗೆ ಕಳುಹಿಸಿ. ಯಾವ ಕಾಲಂ ಬಿಟ್ಟುಹೋಗಿದೆ, ಯಾವುದು ಹೆಚ್ಚಾಗಿದೆ ಎಂದು ನೋಡಿ ವಾಪಸ್ ಬರೆಯುತ್ತೇನೆ.